ಕೋರಾ ಎಂಬ ನೀಲಮ್ಮ

ಮೂರನೆಯ ಮೇಲುಹಾಸಿನ ಅಂಚನ್ನು ಹಿಂಡುವ ಯಂತ್ರದ ಎರಡು ರಬ್ಬರು ಉರುಳೆಗಳ ನಡುವೆ ಸಿಕ್ಕಿಸಿ ವಿನಿಫ್ರೆಡ್ ಹಿಡಿಯನ್ನು ಅರ್ಧ ಸುತ್ತು ತಿರುಗಿಸಿದ್ದಳಷ್ಟೆ, ಹಿತ್ತಲ ಬಾಗಿಲನ್ನು ಯಾರೋ ತಟ್ಟಿದರು. ಇತ್ತೀಚೆಗೆ ಹಿತ್ತಲ ಬಾಗಿಲಿಗೆ ಬರುವವರು ಎರಡೇ ಬಗೆ. ಕಟ್ಟಿಗೆ ಒಡೆಯುವುದಿದೆಯೇ, ಹಿಮ ಎತ್ತಿಹಾಕುವುದಿದೆಯೇ ಎಂದು ಟೋಪಿ ಕೈಯಲ್ಲಿ ಹಿಡಿದು ಕೇಳುವ ಗುರುತಿಲ್ಲದ ಗಂಡಸರು; ಒಗೆಯುವ ಬಟ್ಟೆಯ ಗಂಟು ತರುವ, ಮುಂಬಾಗಿಲಿನಿಂದ ಬಂದರೆ ಇಬ್ಬರಿಗೂ ಮುಜುಗರವಾದೀತೆಂದು ತಿಳಿದ ಗುರುತಿನ ಹೆಂಗಸರು. ಉರುಳೆಗೆ ಸಿಕ್ಕಿದ ಬಟ್ಟೆ ಹಾಗೇ ನಾಲಿಗೆ ಚಾಚಿಕೊಂಡು ನಿಂತಿತು. ಅದರ ಮೂಲೆಯಲ್ಲಿ ನೀಲಿ ದಾರದಲ್ಲಿ ಕಸೂತಿ ಹಾಕಿದ ಅಕ್ಷರವಿತ್ತು. ಬಾಗಿಲು ತೆರೆದರೆ ಆ ಅಕ್ಷರದ ಒಡತಿಯೇ, ಚರ್ಚಿನ ಮಹಿಳಾ ಮಿಷನ್ ಸಂಘದ ಅಧ್ಯಕ್ಷೆ ಮಿಸೆಸ್ ಹಾಲ್‌ಸ್ಟೆಡ್, ಬೂಟಿನ ಹಿಮ ಕೊಡವುತ್ತ ನಿಂತಿದ್ದರು. ಅವರ ಕಣ್ಣು ಮೊದಲು ಹೋದದ್ದು ಆ ಮೂಲೆಗೆ. ಆಮೇಲೆ ಇಬ್ಬರೂ ಬೇರೆ ಕಡೆ ನೋಡಿದರು.

"ಅಯ್ಯೋ, ಇವತ್ತು ನಮ್ಮನೆ ಬಟ್ಟೆಯೇ ಹಾಕಿದ್ದೀಯಾ? ಅದಕ್ಕೇನೂ ಅವಸರ ಇಲ್ಲ ಬಿಡು. ಕೈ ಒರಸ್ಕೋ ವಿನಿಫ್ರೆಡ್, ಒಂದು ಕಷ್ಟಕ್ಕೆ ಸಿಕ್ಕಿಕೊಂಡಿದ್ದೀನಿ. ಡೆಟ್ರಾಯಿಟಿನಿಂದ ಬರಬೇಕಾಗಿದ್ದ ಮಿಷನರಿ ಹೆಂಗಸಿಗೆ ಜ್ವರ ಅಂತೆ. ಮಧ್ಯಾಹ್ನ ಸಭೆ. ಕೇಕು ಬೇಯಿಸಿ ಇಟ್ಟಿದ್ದೀವಿ, ಮಾತಾಡೋರೇ ಇಲ್ಲ."

"ನಾನು ಮಾತಾಡೋದೇ?"

"ಮತ್ತಿನ್ಯಾರು? ಈ ಪ್ಲಿಮತ್‌ನಲ್ಲಿ ಇಂಡಿಯಾ ನೋಡಿದೋರು ನೀನೊಬ್ಬಳೇ. ನಮ್ಮೆಜಮಾನರು ಚಿಕಾಗೋಗಿಂತ ಆಚೆ ಹೋದವರಲ್ಲ, ಅಲ್ಲೂ ಹೊಟ್ಟೆ ಕೆಡಿಸಿಕೊಂಡು ಬಂದರು." ಮಿಸೆಸ್ ಹಾಲ್‌ಸ್ಟೆಡ್ ನಗುತ್ತ ಕಂಕುಳಲ್ಲಿದ್ದ ಕಾಗದದ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ನುಸಿಗುಳಿಗೆಯ ವಾಸನೆ ಸಾಬೂನಿನ ಹಬೆಯೊಳಗೆ ಬೆರೆಯಿತು. ಒಳಗೆ ಕೆಂಪಂಚಿನ, ಮಾಸಿದ ಅರಿಸಿನ ಬಣ್ಣದ ಸೀರೆ. "ಚರ್ಚಿನ ಕಪಾಟಿನಲ್ಲೇ ಇತ್ತು ನೋಡು, ನೀನು ಹತ್ತು ವರ್ಷದವಳಿದ್ದಾಗ ಉಟ್ಟುಕೊಂಡು ವೇದಿಕೆ ಮೇಲೆ ನಿಂತಿದ್ದು. ಲೀನಾಗೆ ಈಗ ಎಂಟಲ್ವಾ? ಸರಿಹೋಗುತ್ತೆ. ನೀನು ಹೇಳಿದ ಮಾತನ್ನೇ ಅವಳೂ ಹೇಳಲಿ. ನಿನಗೆ ಇನ್ನೂ ಬಾಯಿಪಾಠ ಇರಬೇಕಲ್ಲ?"

ಇತ್ತು. 'ನಾನು ಕಡು ಬಡದೇಶದ ಪುಟ್ಟ ಅನಾಥೆ. ನನಗೆ ತಂದೆಯಿಲ್ಲ, ತಾಯಿಯಿಲ್ಲ, ರಾತ್ರಿ ನನ್ನ ಕಣ್ಣೊರೆಸುವವರಿಲ್ಲ.' ಮಿಷನರಿಯಾಗಿದ್ದ ಅಪ್ಪ ಹಡಗಿನ ಮೇಲೆ ಬರೆದು ಕಲಿಸಿದ ಮಾತು. ಐದು ವರ್ಷಕ್ಕೊಮ್ಮೆಯೋ ಏಳು ವರ್ಷಕ್ಕೊಮ್ಮೆಯೋ ರಜೆಯ ಮೇಲೆ ತಾಯ್ನಾಡಿಗೆ ಬರುವ ಮಿಷನರಿಗಳೆಲ್ಲ ಹೀಗೆ ಊರೂರಿನ ಚರ್ಚು ಸುತ್ತಿ, ಮಕ್ಕಳಿಗೆ ಆ ದೇಶದ ಉಡುಪು ತೊಡಿಸಿ, ಅಲ್ಲಿನ ಮಕ್ಕಳಂತೆ ನಿಲ್ಲಿಸಿ ಮಾತಾಡಿಸುತ್ತಿದ್ದರು. ಅದೊಂದು ಪದ್ಧತಿ. ಯಾರೂ ಅದನ್ನು ಸುಳ್ಳು ಎನ್ನುತ್ತಿರಲಿಲ್ಲ.

"ಅವಳಿಗೆ ಸಣ್ಣ ಕೆಮ್ಮು," ಎಂದಳು ವಿನಿಫ್ರೆಡ್.

"ಒಳ್ಳೆಯದೇ ಆಯ್ತು, ಅನಾಥ ಮಗು ಕೆಮ್ಮಿದರೆ ಇನ್ನೂ ಚೆನ್ನ." ಮಿಸೆಸ್ ಹಾಲ್‌ಸ್ಟೆಡ್ ಬಾಯಿ ಮುಚ್ಚಿಕೊಂಡರು. "ದೇವರು ಕ್ಷಮಿಸಲಿ, ಏನು ಮಾತಾಡ್ತೀನೋ. ನೋಡು, ನಿಮ್ಮಪ್ಪನ ಆ ಅನಾಥ ಹುಡುಗಿಯರ ಮನೆಯನ್ನ ಮುಚ್ಚಿಬಿಡ್ತಾರಂತೆ, ಇಲ್ಲಿಂದ ಹಣ ಹೋಗೋದು ನಿಂತಿದೆಯಲ್ಲ. ಮಿಸೆಸ್ ವೆಂಡೆಲ್‌ನೂ ಕರ್ಕೊಂಡು ಬರ್ತಿದ್ದೀವಿ, ಕುರ್ಚೀಲಿ ಕೂರಿಸಿ. ಅವರು ಸಾಕಿದ ಅನಾಥೆ ಕೋರಾ ಸುದ್ದಿ ಕೇಳಬೇಕಂತೆ. ಪಾಪ, ಇದೇ ಕೊನೇ ಸಲವೋ ಏನೋ. ಇಲ್ಲ ಅನ್ನಬೇಡ." ಬಾಗಿಲ ಬಳಿ ಅವರು ತಿರುಗಿದರು. "ಓರಿನ್‌ದು ಏನಾದರೂ ಸುದ್ದಿ?"

"ಚಿಕಾಗೋದಲ್ಲೇ ಇದ್ದಾರೆ. ಸರೋವರದ ದಡದಲ್ಲಿ ವಿಶ್ವಮೇಳದ ಕಟ್ಟಡ ಏಳ್ತಿದೆಯಲ್ಲ, ಅಲ್ಲಿ ಬಡಗಿ ಕೆಲಸ ಸಿಗಬಹುದು ಅಂತ."

"ಸಿಗುತ್ತೆ, ಸಿಗುತ್ತೆ," ಎಂದರು ಮಿಸೆಸ್ ಹಾಲ್‌ಸ್ಟೆಡ್, ಕಾಯಿಲೆಯವರ ಹಾಸಿಗೆಯ ಬಳಿ ಆಡುವ ದನಿಯಲ್ಲಿ.

ಅವರು ಹೋದ ಮೇಲೆ ವಿನಿಫ್ರೆಡ್ ಹಿಡಿ ತಿರುಗಿಸಲಿಲ್ಲ. ನೀರು ತಣ್ಣಗಾಗುತ್ತಿತ್ತು. "ಸುಮ್ಕಿರವ್ವ, ಏನೂ ಆಗಾಕಿಲ್ಲ," ಎಂದು ಯಾರೋ ಕನ್ನಡದಲ್ಲಿ ಹೇಳಿದರು, ಹೇಳಿದವಳು ತಾನೇ. ಒಬ್ಬಳೇ ಇರುವಾಗ ಅವಳು ಬಟ್ಟೆಗಳಿಗೆ, ಒಲೆಗೆ, ಕಿಟಕಿಯಾಚೆಯ ಗುಬ್ಬಚ್ಚಿಗಳಿಗೆ ಕನ್ನಡದಲ್ಲೇ ಮಾತಾಡುತ್ತಿದ್ದಳು. ಅದು ಆಯಾ ರುದ್ರಮ್ಮನ ಕನ್ನಡ. ಬಯಲುಸೀಮೆಯ ಹಾಲುಗುಂದಿ ಎಂಬ ಊರಿನ ಹೊರಗೆ, ಹುಣಿಸೆಮರಗಳ ನಡುವಿನ ಮಿಷನ್ ಬಂಗಲೆಯಲ್ಲಿ ಅವಳು ಇಂಗ್ಲಿಷಿಗಿಂತ ಮೊದಲು ಕಲಿತದ್ದು. ಹದಿನಾಲ್ಕಕ್ಕೆ ಅವಳನ್ನು ಓದಲೆಂದು ಈ ದೇಶಕ್ಕೆ ಕಳಿಸಿದಾಗ ಆ ಮಾತು ಎಲ್ಲಿತ್ತೋ ಅಲ್ಲೇ ನಿಂತುಹೋಯಿತು. ಹಸಿವು, ಹಠ, ಹೊಟ್ಟೆನೋವು, ಮಲ್ಲಿಗೆ, ಹಾವು, ದೆವ್ವ, ಜೋಗುಳ, ಎಲ್ಲಕ್ಕೂ ಅವಳಲ್ಲಿ ಕನ್ನಡವಿತ್ತು. ಗಂಡನನ್ನು ಕಾರಿನ ಕಾರ್ಖಾನೆಯಿಂದ ತೆಗೆದುಹಾಕಿದರು ಎನ್ನುವುದಕ್ಕೆ, ಅಡವಿಟ್ಟ ಮನೆಗೆ, ಮೂವತ್ತೈದರ ಹೆಂಗಸಿನ ಒಂಟಿತನಕ್ಕೆ ಇರಲಿಲ್ಲ. ಆ ಭಾಷೆಯೊಳಗೆ ಹೋದಾಗಲೆಲ್ಲ ಅವಳು ಮಗು. ಯಾರದೋ ಸೊಂಟದ ಮೇಲೆ ಕೂತಿರುತ್ತಿದ್ದಳು. ಓರಿನ್ ಮದುವೆಯಾದ ಹೊಸತರಲ್ಲಿ, ನಿದ್ದೆಯಲ್ಲಿ ಅದೇನು ಗುಬ್ಬಚ್ಚಿ ಹಾಗೆ ಕಿಚಪಿಚ ಅಂತೀಯೆ ಎಂದು ನಗುತ್ತಿದ್ದ. ಈಗ ನಗಲೂ ಅವನಿಲ್ಲ.

"ಲೀನಾ, ಬಾರವ್ವ ಇಲ್ಲಿ," ಎಂದು ಕರೆದಳು. ಮಗಳು ಮುಂದಿನ ಕೋಣೆಯಿಂದ ಕೆಮ್ಮುತ್ತ ಬಂದು, "ಮಿಸೆಸ್ ಹಾಲ್‌ಸ್ಟೆಡ್ ಕೇಕು ಅಂದರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಲೀನಾಗೆ ಕನ್ನಡ ತಿಳಿಯುತ್ತಿತ್ತು. ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲೇ. ಹೊರಗೆ ಅಮ್ಮ ಬಾಯಿತಪ್ಪಿ ಕನ್ನಡ ಆಡಿದರೆ ಅವಳು ಎರಡು ಹೆಜ್ಜೆ ಹಿಂದುಳಿದು, ಬೇರೆ ಯಾರದೋ ಮಗುವಿನಂತೆ ನಡೆಯುತ್ತಿದ್ದಳು. ವಿನಿಫ್ರೆಡ್‌ಗೆ ಅದರಿಂದ ನೋವಾಗುತ್ತಿತ್ತು. ನೋವಾದಾಗ ತನ್ನ ತಾಯಿಯ ನೆನಪಾಗುತ್ತಿತ್ತು. ತಾಯಿ ಬೆತ್ತದ ಕುರ್ಚಿಯಲ್ಲಿ ಮಲೇರಿಯಾದ ಹಳದಿ ಮುಖ ಹೊತ್ತು ಕೂತು, ಇಂಗ್ಲಿಷಿನಲ್ಲಿ ಕರೆದರೆ ಪುಟ್ಟ ವಿನಿಫ್ರೆಡ್ ಬಾಗಿಲಾಚೆಯಿಂದ ಕನ್ನಡದಲ್ಲಿ ಒಲ್ಲೆ ಎನ್ನುತ್ತಿದ್ದಳು.

ಸೀರೆಯನ್ನು ಕೊಡವಿದಾಗ ನುಸಿಗುಳಿಗೆಯ ಪುಡಿ ಉದುರಿತು. ಎರಡು ಮಡಿಕೆ ಮಾಡಿ, ಲೀನಾಳ ಉಣ್ಣೆಯ ಒಳಲಂಗದ ಮೇಲೆ ಸುತ್ತಿ, ನೆರಿಗೆ ಹಿಡಿದಳು. ಬೆರಳುಗಳಿಗೆ ನೆನಪಿತ್ತು. ರುದ್ರಮ್ಮ ಬೆಳಗಿನ ಹೊತ್ತು ಬಾವಿಯ ಬಳಿ ಒದ್ದೆ ಸೀರೆ ಬದಲಿಸುವಾಗ ಅವಳ ಕಾಲ ಬಳಿ ಕೂತು ನೋಡಿದ್ದು. ಸೆರಗನ್ನು ಹೆಗಲ ಮೇಲೆ ಎಳೆದು ಪಿನ್ನು ಚುಚ್ಚುವಾಗ ಲೀನಾ ಒಂದು ಕಾಲಿನ ಮೇಲೆ ಭಾರ ಹಾಕಿ, ಕೆಳತುಟಿ ಒಳಗೆಳೆದುಕೊಂಡು ನಿಂತಳು.

"ನೀಲಮ್ಮ ಹಿಂಗೇ ನಿಂತ್ಕಂತಿದ್ಲು," ಎಂದಳು ವಿನಿಫ್ರೆಡ್, ಬಾಯಲ್ಲಿ ಇನ್ನೊಂದು ಪಿನ್ನು ಕಚ್ಚಿಕೊಂಡು.

"ರುದ್ರಮ್ಮನ ಮಗಳು ನೀಲಮ್ಮನಾ?" ಲೀನಾಗೆ ಮಲಗುವಾಗಿನ ಕಥೆಗಳಿಂದ ಅವರೆಲ್ಲ ಗೊತ್ತು. "ಹಾಗಾದರೆ ನಾನು ನೀಲಮ್ಮ ಆಗಲಾ? ಮಿಸೆಸ್ ಹಾಲ್‌ಸ್ಟೆಡ್ ಹೇಳಿದ ಕೋರಾ ಬೇಡ. ಕೋರಾ ಯಾರು ಅಂತಲೇ ನಂಗೆ ಗೊತ್ತಿಲ್ಲ."

"ಕೋರಾ ಅಂದ್ರೂ ಅವಳೇ." ಪಿನ್ನು ತುಟಿಗೆ ಚುಚ್ಚಿತು. ಹೇಳಬಾರದಿತ್ತು.

"ಯಾರೇ? ನೀಲಮ್ಮನೇ ಕೋರಾನಾ?" ಲೀನಾ ಕತ್ತು ತಿರುಗಿಸಿದಳು. "ಆದರೆ ಕೋರಾ ಅನಾಥೆ ಅಂತಲ್ವಾ? ನೀಲಮ್ಮನಿಗೆ..."

"ಅಲುಗಬ್ಯಾಡ, ಚುಚ್ಚುತ್ತೆ. ಆಮೇಲೆ ಕೇಳು."

ಲೀನಾ ಕತ್ತು ನೇರ ಮಾಡಿದಳು, ಕಣ್ಣು ಮಾತ್ರ ಅಮ್ಮನ ಮುಖ ಬಿಡಲಿಲ್ಲ. ವಿನಿಫ್ರೆಡ್ ಅತ್ತ ನೋಡದೆ ಮಾತು ಕಲಿಸಿದಳು. 'ನಾನು ಕಡು ಬಡದೇಶದ ಪುಟ್ಟ ಅನಾಥೆ.' ಮಗಳು ಒಪ್ಪಿಸಿದಳು. ಬಲುಬೇಗ ಕಲಿತಳು. ಹತ್ತು ವರ್ಷದವಳಿದ್ದಾಗ ತಾನೂ ಬಲುಬೇಗ ಕಲಿತಿದ್ದಳು. ಅಂದಿನ ಸಭೆಯ ಕೊನೆಗೆ ಯಾರೋ, ಆ ಭಾಷೆಯಲ್ಲಿ ಒಂದು ಕೀರ್ತನೆ ಹಾಡು ಮಗೂ ಎಂದಿದ್ದರು. ಕನ್ನಡದ ಕೀರ್ತನೆಗಳು ಹುಡುಗಿಯರ ಮನೆಯವರಿಗೆ ಬರುತ್ತಿದ್ದವು, ಅವಳಿಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ರಾಗಿ ಬೀಸುವಾಗ ರುದ್ರಮ್ಮ ಹೇಳುತ್ತಿದ್ದ ಪದ ಒಂದೇ: ಅತ್ತೆಯ ಮೂಗು, ಮಾವನ ಗೊರಕೆ, ಓಡಿಹೋದ ಹೋರಿ. ಅದನ್ನೇ ಕೈಮುಗಿದು ನಿಧಾನವಾಗಿ ಹಾಡಿದಳು. ಹೆಂಗಸರೆಲ್ಲ ಕರವಸ್ತ್ರ ತೆಗೆದರು. ಹೋರಿ ಬೇಲಿ ಹಾರಿದ ಕಡೆ ಒಬ್ಬ ಮುದುಕಿ ಬಿಕ್ಕಿದಳು. ಕನ್ನಡ ಬಲ್ಲ ಅಪ್ಪ ಮೊದಲ ಸಾಲಿನಲ್ಲಿ ಕೂತಿದ್ದ. ಹಾಡು ಮುಗಿದಾಗ ಕಣ್ಣು ಮುಚ್ಚಿಕೊಂಡೇ ಆಮೆನ್ ಎಂದ. ದಾರಿಯಲ್ಲಿ ಅಪ್ಪ ಹೊಡೆಯುತ್ತಾನೆಂದು ಅವಳು ಕಾದಳು. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ, ಆ ಮಾತೇ ಎತ್ತಲಿಲ್ಲ. ಹೊಡೆದಿದ್ದರೆ ಒಂದು ಕಡೆಗಾಗುತ್ತಿತ್ತು.

ಅದೇ ಸಂಜೆ ಮಿಸೆಸ್ ವೆಂಡೆಲ್ ಎದ್ದುನಿಂತಿದ್ದರು. ಆಗ ಅವರಿಗೆ ಕಪ್ಪು ಕೂದಲು, ಕಪ್ಪು ಉಡುಪು. ಹಿಂದಿನ ಚಳಿಗಾಲದಲ್ಲಿ ಗಂಟಲುಬೇನೆಯಿಂದ ಸತ್ತ ಮಗಳ ಶೋಕ. "ಈ ಮಗು ಹೇಳಿದಳಲ್ಲ, ಆ ಅನಾಥೆಯನ್ನ ನಾನು ಸಾಕ್ತೀನಿ. ಅವಳಿಗೆ ನನ್ನ ಕೋರಾಳ ಹೆಸರಿಡಿ," ಎಂದಿದ್ದರು. ಇಲ್ಲಿಂದ ಹಣ ಕಳಿಸಿ ಸಾಕುವವರು ಹೆಸರಿಡುವುದೂ ಪದ್ಧತಿಯೇ. ಹಾಲುಗುಂದಿಯ ಹುಡುಗಿಯರ ಮನೆಯಲ್ಲಿ ಹಾಗೆ ಓಹಿಯೋದ ಡಾರ್ಕಾಸ್‌ಗಳೂ ಇಲಿನಾಯಿಯ ಹಲ್ಡಾಗಳೂ ಸಾಲಾಗಿ ಕೂತು ಮುದ್ದೆ ನುಂಗುತ್ತಿದ್ದರು. ಯಾವ ಅನಾಥೆ ಎಂದು ಅಪ್ಪ ಯೋಚಿಸಬೇಕಾಗಿ ಬಂತು. ವೇದಿಕೆಯ ಮೇಲಿನ ಅನಾಥೆ ಯಾರೂ ಆಗಿರಲಿಲ್ಲ. ನೀಲಮ್ಮನನ್ನು ಸಾಕುವವರು ಇನ್ನೂ ಸಿಕ್ಕಿರಲಿಲ್ಲ. ಪ್ಲೇಗಿನಲ್ಲಿ ಗಂಡನನ್ನು ಕಳೆದುಕೊಂಡ ರುದ್ರಮ್ಮ ಬಗಲಲ್ಲಿ ಕೂಸು ಕಟ್ಟಿಕೊಂಡು ಬಂದಾಗ, ಆಯಾ ಕೆಲಸ ಕೊಟ್ಟ ವಿನಿಫ್ರೆಡ್‌ಳ ತಾಯಿ ಒಂದು ಮಾತು ಹೇಳಿದ್ದಳು: ಬಂಗಲೆಯಲ್ಲಿ ಎರಡು ಮಕ್ಕಳಾಗದು, ರೋಗ ಹತ್ತುತ್ತದೆ, ನಿನ್ನದನ್ನು ಹುಡುಗಿಯರ ಮನೆಗೆ ಬಿಡು. ಬಿಟ್ಟಳು. ತಂದೆಯಿಲ್ಲದವಳು ಅರ್ಧ ಅನಾಥೆ ಹೇಗೂ ಆಗಿದ್ದಳು. ಉಳಿದರ್ಧವನ್ನು ಅಪ್ಪ ತುಂಬಿಸಿದ. ಅಪ್ಪ ಕೆಟ್ಟವನಲ್ಲ. ಆ ಸುಳ್ಳಿನಿಂದ ನೀಲಮ್ಮನಿಗೆ ಎರಡು ಹೊತ್ತಿನ ಊಟ, ಸ್ಲೇಟು, ಚಳಿಗೊಂದು ಕಂಬಳಿ ಸಿಕ್ಕಿತು. ವಿನಿಫ್ರೆಡ್ ಇದನ್ನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಳೆಂದರೆ ಅದು ಪ್ರಾರ್ಥನೆಯಂತೆ ಅರ್ಥ ಸವೆದು ನುಣ್ಣಗಾಗಿತ್ತು.

ಚರ್ಚಿಗೆ ಹೋಗುವ ದಾರಿಯಲ್ಲಿ ಹಿಮ ಗಟ್ಟಿಯಾಗಿ ಜಾರುತ್ತಿತ್ತು. ಓರಿನ್‌ನ ಹಳೆಯ ಕೋಟು ಲೀನಾಳ ಸೀರೆಯ ಮೇಲೆ ಮೊಣಕಾಲವರೆಗೂ ಇಳಿದಿತ್ತು. ಅದರ ಕೆಳಗೆ ಕೆಂಪಂಚು, ಅದರ ಕೆಳಗೆ ರಬ್ಬರ್ ಬೂಟು. ಬ್ಯಾಂಕಿನ ಮುಂದೆ ನಾಲ್ಕಾರು ಗಂಡಸರು ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತಿದ್ದರು. ಮಿಶಿಗನ್ನಿನ ಬ್ಯಾಂಕುಗಳೆಲ್ಲ ಬಾಗಿಲು ಹಾಕಿದ ವಾರ ಅದು. ಗವರ್ನರರ ಅಪ್ಪಣೆ ಆದದ್ದು ಎಲ್ಲರಿಗೂ ಗೊತ್ತಿದ್ದರೂ, ದಿನವೂ ಕೆಲವರು ಬಂದು ಬಾಗಿಲು ನೋಡಿ ಹೋಗುತ್ತಿದ್ದರು. ಒಬ್ಬ ಲೀನಾಳ ಕಾಲು ನೋಡಿ, "ಏನಮ್ಮ, ಸರ್ಕಸ್ ಬಂತಾ ಊರಿಗೆ?" ಎಂದ. ಲೀನಾ ಅಮ್ಮನ ಕೈ ಬಿಗಿಯಾಗಿ ಹಿಡಿದಳು.

"ಅಮ್ಮಾ, ಈಗ ಕೇಳಲಾ?"

"ಬಾಯಿ ತೆರೀಬ್ಯಾಡ, ತಣ್ಣನೆ ಗಾಳಿ. ಕೆಮ್ಮು ಹೆಚ್ಚಾಯ್ತದೆ."

ನಿಜಕ್ಕೂ ಗಾಳಿ ತಣ್ಣಗಿತ್ತು. ಆದರೆ ಕೆಮ್ಮಿನ ಚಿಂತೆಯಿಂದ ತಾನು ಹಾಗೆ ಹೇಳಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಸಭೆಯಲ್ಲಿ ಏನು ಹೇಳಲಿ? ಇದ್ದದ್ದು ಇದ್ದಂತೆ ಹೇಳಿದರೆ ಮಿಸೆಸ್ ವೆಂಡೆಲ್ ಇಷ್ಟು ವರ್ಷ ಹೆಸರು ಹಿಡಿದು ಪ್ರಾರ್ಥಿಸಿದ ಹುಡುಗಿ ಎರಡನೆಯ ಸಲ ಸಾಯುತ್ತಾಳೆ. ಊರಿನ ಹೆಂಗಸರು ಇದ್ದಬದ್ದ ಪುಡಿಗಾಸನ್ನೂ ಹಿಂದಕ್ಕೆ ಹಾಕಿಕೊಳ್ಳುತ್ತಾರೆ. ಅಲ್ಲಿ ನಿಜವಾಗಿ ಯಾರೂ ಇಲ್ಲದ ಹುಡುಗಿಯರು ಬೀದಿಗೆ ಬೀಳುತ್ತಾರೆ. ಹೇಳದಿದ್ದರೆ ಆ ಮಾತು ತನ್ನ ಬಾಯಿಂದ ಮಗಳ ಬಾಯಿಗೆ ದಾಟುತ್ತದೆ, ಉಣ್ಣಿಸಿದ ತುತ್ತಿನಂತೆ.

ಹಾಲುಗುಂದಿಯಲ್ಲಿ ಭಾನುವಾರ ಆರಾಧನೆ ಮುಗಿದ ಮೇಲೆ ರುದ್ರಮ್ಮನಿಗೆ ಒಂದಿಷ್ಟು ಹೊತ್ತು ಬಿಡುವು. ಹುಣಿಸೆಮರದ ಕೆಳಗೆ ನೀಲಮ್ಮ ನೀಲಿಗೆರೆಯ ಲಂಗ ಉಟ್ಟು, ಒಂದು ಕಾಲಿನ ಮೇಲೆ ಭಾರ ಹಾಕಿ ಕಾದಿರುತ್ತಿದ್ದಳು. ರುದ್ರಮ್ಮ ಮಡಿಲಲ್ಲಿ ಕಡಲೆಬೀಜ ಕಟ್ಟಿಕೊಂಡು ಹೋಗಿ ಅವಳ ಕೈಗೆ ಸುರಿಯುತ್ತಿದ್ದಂತೆ ಬಂಗಲೆಯ ಬಳಿ ವಿನಿಫ್ರೆಡ್ ಅಳುತ್ತಿದ್ದಳು. ಬಿದ್ದು ಅಳುತ್ತಿದ್ದಳು, ಬೀಳದೆ ಅಳುತ್ತಿದ್ದಳು, ಮೊಣಕಾಲನ್ನು ತಾನೇ ಕಲ್ಲಿಗೆ ಉಜ್ಜಿ ಅಳುತ್ತಿದ್ದಳು. ಎಷ್ಟು ಜೋರಾಗಿ ಅತ್ತರೆ ಹುಣಿಸೆಮರದವರೆಗೆ ಕೇಳುತ್ತದೆಂದು ಅವಳಿಗೆ ತಿಳಿದಿತ್ತು. "ಬಂದೆ ನನ್ನವ್ವ, ಬಂದೆ," ಎನ್ನುತ್ತ ರುದ್ರಮ್ಮ ಓಡಿ ಬರುತ್ತಿದ್ದಳು. ಅವಳ ಹೆಗಲ ಮೇಲಿನಿಂದ ನೋಡಿದರೆ ಮರದ ಕೆಳಗೆ ನೀಲಮ್ಮ ಕಡಲೆಬೀಜದ ಸಿಪ್ಪೆ ಸುಲಿಯುತ್ತ ನಿಂತಿರುತ್ತಿದ್ದಳು. ಅವಳು ಅಳುತ್ತಿರಲಿಲ್ಲ. ಹಗಲಲ್ಲಿ ಅವಳು ಅತ್ತದ್ದನ್ನು ವಿನಿಫ್ರೆಡ್ ಕಂಡಿಲ್ಲ. ಅಮೆರಿಕದಿಂದ ಹಿಂದಿರುಗಿದ ದಿನ, ನಿನಗೀಗ ಹೊಸ ಹೆಸರು, ಕೋರಾ, ಎಂದು ಓಡಿಹೋಗಿ ಹೇಳಿದವಳು ತಾನೇ. ಬಹುಮಾನ ತಂದವಳ ಹಾಗೆ. ನೀಲಮ್ಮ ಹೆಸರನ್ನು ಒಂದು ಸಲ ಬಾಯೊಳಗೆ ತಿರುಗಿಸಿ ನೋಡಿ, "ನಮ್ಮವ್ವಂಗೆ ಅದು ಕರ್ಯಾಕ್ ಬರಾಕಿಲ್ಲ ಕಣೆ," ಎಂದಿದ್ದಳು. ರುದ್ರಮ್ಮ ನಕ್ಕಿದ್ದಳು. "ಬತ್ತದೆ ಬಿಡು. ಅನ್ನ ಕೊಡೋರು ಏನಾರ ಕರೀಲಿ, ನಾ ಒಳಗೊಳಗೇ ಕರ್ಕಂತೀನಿ." ನಕ್ಕ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು, ಸೆಕೆ ಇತ್ತು.

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಯ, ಒದ್ದೆ ಉಣ್ಣೆಯ, ಕೇಕಿನ ವಾಸನೆ. ಹೆಂಗಸರು ಟೋಪಿ ತೆಗೆಯದೆ ಕೂತಿದ್ದರು. ಕಾವಿನ ಒಲೆಗೆ ಕಲ್ಲಿದ್ದಲು ಅಳೆದು ಹಾಕುತ್ತಿದ್ದರು. ಕಾಣಿಕೆ ತಟ್ಟೆ ಆಗಲೇ ಒಂದು ಸುತ್ತು ಬಂದು ಮೇಜಿನ ಮೇಲಿತ್ತು. ಅದರಲ್ಲಿ ಒಂದಿಷ್ಟು ಚಿಲ್ಲರೆ, ಒಂದು ಬೆಳ್ಳಿ ಚಮಚ, ಪಕ್ಕದಲ್ಲಿ ಬುಟ್ಟಿ ತುಂಬ ಕೋಳಿಮೊಟ್ಟೆ.

"ಮೊಟ್ಟೆ ಇಂಡಿಯಾ ಮುಟ್ಟೋ ಹೊತ್ತಿಗೆ ಕೋಳಿ ಆಗಿರುತ್ತೆ," ಎಂದಳು ಒಬ್ಬಳು.

"ಇನ್ನೂ ಒಳ್ಳೇದಲ್ವಾ, ಅನಾಥರಿಗೆ ಸಾರಾಯ್ತು," ಎಂದಳು ಇನ್ನೊಬ್ಬಳು. "ನನ್ನ ಹಣ ಬ್ಯಾಂಕಿನೊಳಗಿದೆ, ನಾನು ಬ್ಯಾಂಕಿನ ಹೊರಗಿದ್ದೀನಿ. ಏನು ಮಾಡಲಿ ಹೇಳು."

ನಗು ಎದ್ದು, ವಿನಿಫ್ರೆಡ್ ಒಳಗೆ ಬಂದದ್ದನ್ನು ಕಂಡು ತಗ್ಗಿತು. ಬಡವರೊಬ್ಬರು ಬಂದಾಗ ದಾನದ ಮಾತು ಹೀಗೆ ತಗ್ಗುತ್ತದೆಂದು ಅವಳು ಈ ಚಳಿಗಾಲದಲ್ಲಿ ಕಲಿತಿದ್ದಳು. ಕ್ರಿಸ್‌ಮಸ್ಸಿಗೆ ಇದೇ ಸಂಘದವರು ಅವಳ ಮನೆ ಬಾಗಿಲಲ್ಲಿ ಹಳೆಯ ಬಟ್ಟೆಯ ಪೆಟ್ಟಿಗೆ ಇಟ್ಟು ಹೋಗಿದ್ದರು. ಹಾಲುಗುಂದಿಗೂ ವರ್ಷಕ್ಕೊಮ್ಮೆ ಪೀಪಾಯಿಯಲ್ಲಿ ಹಳೆಯ ಬಟ್ಟೆ ಬರುತ್ತಿತ್ತು. ತಾಯಿ ಅದರಲ್ಲಿ ಚೆನ್ನಾದದ್ದನ್ನು ಆರಿಸಿ ಅವಳಿಗೆ ತೊಡಿಸಿ, ಉಳಿದದ್ದನ್ನು ಹುಡುಗಿಯರ ಮನೆಗೆ ಕಳಿಸುತ್ತಿದ್ದಳು. ಎಲ್ಲೋ ಇಂಥದೇ ನೆಲಮಾಳಿಗೆಯಲ್ಲಿ ಇಂಥವರೇ ನಗುತ್ತ ಮಡಿಸಿದ ಬಟ್ಟೆ.

ಮಿಸೆಸ್ ವೆಂಡೆಲ್ ಗಾಲಿಕುರ್ಚಿಯಲ್ಲಿ ಮುಂದಿನ ಸಾಲಿನಲ್ಲಿದ್ದರು. ಅಷ್ಟು ಸಣ್ಣಗಾಗಿದ್ದರೆಂದರೆ ಶಾಲಿನೊಳಗೆ ಅವರನ್ನು ಹುಡುಕಬೇಕಿತ್ತು. ಲೀನಾಳ ಕೋಟು ತೆಗೆದಾಗ ಅವರು ಎರಡು ಕೈಯನ್ನೂ ಚಾಚಿದರು. "ಬಾ, ಬಾ. ಇದೇ ಸೀರೆ. ಬಣ್ಣ ಹೋಗಿದೆ, ಅಲ್ವಾ? ನನ್ನದೂ ಹೋಗಿದೆ." ಲೀನಾ ನಕ್ಕಳು. ಮುದುಕಿಯ ಮುಖದಲ್ಲಿ ಎಂಥ ಕಪಟವೂ ಇರಲಿಲ್ಲ. ಕೆಟ್ಟವಳೊಬ್ಬಳು ಸಿಕ್ಕಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎನ್ನಿಸಿತು ವಿನಿಫ್ರೆಡ್‌ಗೆ. ಹಾಲುಗುಂದಿಯಲ್ಲಿ ಇರಲಿಲ್ಲ, ಇಲ್ಲೂ ಇಲ್ಲ. ಎಲ್ಲರೂ ಒಳ್ಳೆಯವರು, ಕೂಡಿಕೊಂಡು ಒಬ್ಬ ಹುಡುಗಿಯ ತಾಯಿಯನ್ನು ಇಲ್ಲವಾಗಿಸಿದ್ದರು.

ಲೀನಾ ವೇದಿಕೆಯಂತಿದ್ದ ಮರದ ಮೆಟ್ಟಿಲ ಮೇಲೆ ನಿಂತಳು. "ನಾನು ಕಡು ಬಡದೇಶದ ಪುಟ್ಟ ಅನಾಥೆ," ಎಂದಳು. ದನಿ ಸ್ಪಷ್ಟವಾಗಿತ್ತು. "ನನಗೆ ತಂದೆಯಿಲ್ಲ." ನಿಂತಳು. ಅಮ್ಮನತ್ತ ನೋಡಿದಳು. ಮರೆತಿದ್ದಾಳೆಂದು ತಿಳಿದು ಮಿಸೆಸ್ ಹಾಲ್‌ಸ್ಟೆಡ್ ಮುಂದಿನ ಮಾತನ್ನು ತುಟಿಯಲ್ಲೇ ಆಡಿ ತೋರಿಸಿದರು. ಅವಳು ಮರೆತಿರಲಿಲ್ಲ. ವಿನಿಫ್ರೆಡ್ ಸಣ್ಣಗೆ ತಲೆಯಾಡಿಸಿದಳು. ಅದು ಹೇಳು ಎಂದೋ, ಬೇಡ ಎಂದೋ ಅವಳಿಗೇ ತಿಳಿಯಲಿಲ್ಲ. ಮಗಳಿಗೆ ಹೇಳು ಎಂದೇ ಕಂಡಿರಬೇಕು. "ತಾಯಿಯಿಲ್ಲ. ರಾತ್ರಿ ನನ್ನ ಕಣ್ಣೊರೆಸುವವರಿಲ್ಲ," ಎಂದು ಉಳಿದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿ ಕೆಳಗಿಳಿದು, ಚಪ್ಪಾಳೆಯ ನಡುವೆ ಬಂದು ಅಮ್ಮನ ಪಕ್ಕ ನಿಂತಳು. ಅವಳ ಕೈ ತಣ್ಣಗಿತ್ತು.

ವಿನಿಫ್ರೆಡ್ ಎದ್ದಳು. ಹುಣಿಸೆಮರ, ಬಾವಿ, ಬಿಸಿಲು, ಶಾಲೆಯ ಗಂಟೆ. ಮಾತು ತಾನಾಗಿ ಬಂತು. ಅಪ್ಪ ಆಡುತ್ತಿದ್ದ ಹಾಗೆಯೇ ಬಂತು, ದನಿಯ ಏರಿಳಿತವೂ ಅದೇ. ಈಗ ಹೇಳುತ್ತೇನೆ, ಈ ವಾಕ್ಯವಾದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತ ಒಂದೊಂದೇ ವಾಕ್ಯವನ್ನು ದಾಟಿದಳು. ಹಿಂದಿನ ಸಾಲಿನಲ್ಲಿ ಒಬ್ಬಳು ಕಾಲ್ಚೀಲ ಹೆಣೆಯುತ್ತಿದ್ದಳು. ಅವಳ ಸೂಜಿ ಲಯವಾಗಿ ಆಡುತ್ತಿತ್ತು.

"ನನ್ನ ಕೋರಾ ಹೇಗಿದ್ದಳು, ಅದು ಹೇಳು," ಎಂದರು ಮಿಸೆಸ್ ವೆಂಡೆಲ್, ಮಾತಿನ ನಡುವೆಯೇ.

"ಎತ್ತರವಾಗಿದ್ದಳು. ಚುರುಕು. ಬರಹ ದುಂಡಗಿತ್ತು." ಇದೆಲ್ಲ ನಿಜ.

"ಈಗ ಎಲ್ಲಿದ್ದಾಳೆ?"

"ಗೊತ್ತಿಲ್ಲ. ನಾನು ಇಲ್ಲಿಗೆ ಬಂದ ಮೇಲೆ... ತಿಳಿಯಲಿಲ್ಲ." ಇದೂ ನಿಜ.

ಮುದುಕಿ ಶಾಲಿನ ಅಂಚನ್ನು ಬೆರಳಲ್ಲಿ ಸುತ್ತಿದರು. "ನನ್ನವಳಿಗೆ ಕತ್ತಲೆ ಅಂದರೆ ಭಯ ಇತ್ತು. ನಾನು ದೀಪ ತಗೊಂಡು ಹೋಗಿ ಪಕ್ಕದಲ್ಲಿ ಕೂತರೇನೇ ನಿದ್ದೆ. ಅದಕ್ಕೇ ಕೇಳ್ತೀನಿ ವಿನಿಫ್ರೆಡ್, ಇಷ್ಟು ವರ್ಷ ಕೇಳಬೇಕು ಅಂತಿದ್ದೆ. ಆ ಕೋರಾ ರಾತ್ರಿ ಹೊತ್ತು ಅಳ್ತಿದ್ದಳಾ?"

ಬಂಗಲೆಯ ಕಿಟಕಿಗೆ ತಂತಿಬಲೆ. ಆಚೆ ಅಂಗಳ, ಅಂಗಳದಾಚೆ ಹುಡುಗಿಯರ ಮನೆಯ ಉದ್ದ ಹೆಂಚಿನ ಮಾಡು. ಮಂಚದ ಕೆಳಗೆ ಚಾಪೆಯ ಮೇಲೆ ರುದ್ರಮ್ಮ; ಅವಳ ಸೆರಗಿನ ತುದಿ ವಿನಿಫ್ರೆಡ್‌ಳ ಮಣಿಕಟ್ಟಿಗೆ ಕಟ್ಟಿರುತ್ತಿತ್ತು, ಮಗು ಹೊರಳಿದರೆ ತಿಳಿಯಲೆಂದು. ಲೀನಾಗೆ ಬಲು ಇಷ್ಟವಾದ ಕಥೆ ಅದು. ಅಂಗಳದಾಚೆಯಿಂದ ನೀಲಮ್ಮನ ಅಳು ಕೇಳಿಬಂದಾಗ ಸೆರಗು ಒಮ್ಮೆ ಬಿಗಿಯಾಗುತ್ತಿತ್ತು. ತಟ್ಟುತ್ತಿದ್ದ ಕೈ ನಿಲ್ಲುತ್ತಿತ್ತು. ವಿನಿಫ್ರೆಡ್ ನಿದ್ದೆಯವಳಂತೆ ಬಿದ್ದುಕೊಂಡು, ಗಂಟು ಬಿಚ್ಚುತ್ತಾಳೋ ಎಂದು ಕಾಯುತ್ತಿದ್ದಳು, ಬಿಚ್ಚಿದರೆ ಕಿರುಚಬೇಕೆಂದು ಉಸಿರು ಕಟ್ಟಿಕೊಂಡು. ಬಿಚ್ಚುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ಮತ್ತೆ ತಟ್ಟತೊಡಗುತ್ತಿತ್ತು, ಮೊದಲಿಗಿಂತ ಮೆಲ್ಲಗೆ, ತಾನು ಯಾರನ್ನು ತಟ್ಟುತ್ತಿದ್ದೇನೆಂಬುದನ್ನು ಮರೆತಂತೆ. ಇದನ್ನು ಅವಳು ಯಾವ ರಾತ್ರಿಯೂ ಮಗಳಿಗೆ ಹೇಳಿರಲಿಲ್ಲ. ಸೆರಗು ಕಟ್ಟಿದ್ದನ್ನಷ್ಟೇ ಹೇಳಿದ್ದಳು.

ಸೂಜಿಯ ಸದ್ದು ನಿಂತಿತ್ತು. ಮಿಸೆಸ್ ವೆಂಡೆಲ್ ಕಾಯುತ್ತಿದ್ದರು, ಬಾಯಿ ಸ್ವಲ್ಪ ತೆರೆದುಕೊಂಡು, ಔಷಧಿಗೆ ಕಾಯುವವರಂತೆ.

"ಇಲ್ಲ," ಎಂದಳು ವಿನಿಫ್ರೆಡ್. "ಅವಳು ಅಳುತ್ತಿರಲಿಲ್ಲ."

ಮುದುಕಿಯ ಹೆಗಲು ಸಡಿಲವಾಯಿತು. ಯಾರೋ ಮೂಗೊರೆಸಿಕೊಂಡರು. ಮಿಸೆಸ್ ಹಾಲ್‌ಸ್ಟೆಡ್ ಕಾಣಿಕೆ ತಟ್ಟೆಯನ್ನು ಎರಡನೆಯ ಸುತ್ತಿಗೆ ಎತ್ತಿಕೊಂಡರು. ವಿನಿಫ್ರೆಡ್‌ಳ ತೋಳನ್ನು ಲೀನಾ ಎಳೆಯುತ್ತಿದ್ದಳು. ಅವಳು ಮಗಳ ಕೈ ಹಿಡಿದು ಒತ್ತಿದಳು, ಆಮೇಲೆ ಎಂಬಂತೆ. ಆದರೆ ಲೀನಾ ಕೈ ಬಿಡಿಸಿಕೊಂಡಳು. ಹೆಗಲಿನಿಂದ ಜಾರಿದ ಸೀರೆಯನ್ನು ಸರಿಮಾಡಿಕೊಳ್ಳದೆ, ಅಮ್ಮನ ಮುಖ ಕಾಣುವಷ್ಟು ಹಿಂದಕ್ಕೆ ಸರಿದು, ಇಡೀ ನೆಲಮಾಳಿಗೆಗೆ ಕೇಳುವಂತೆ ಕೇಳಿದಳು:

"ರುದ್ರಮ್ಮ ದಿನಾ ರಾತ್ರಿ ನಿನ್ನ ಹತ್ತಿರವೇ ಮಲಗ್ತಿದ್ದಳಲ್ಲ ಅಮ್ಮಾ, ಹಾಗಾದರೆ ಅವಳ ಮಗಳು ಅತ್ತರೆ ಯಾರು ಹೋಗ್ತಿದ್ರು?"